ಕಿಟಕಿ ಪಕ್ಕದ ಟೆಸ್ಟ್ ಬೆಂಚು

"ನನ್ನ ಮೇಲೆ ನಿಮಗೇನಾದ್ರೂ ಹಗೆ ಇದ್ಯಾ?" ಎಂದು ಕೇಳುತ್ತಲೇ ಡಿಸೈನರ್ ಟೆಸ್ಟಿಂಗ್ ರೂಮಿನೊಳಗೆ ಬಂದ.

ಬೆಂಚಿನ ಮುಂದೆ ಕೂತಿದ್ದವಳನ್ನು ಆಫೀಸಿನವರು ಬೆನ್ನ ಹಿಂದೆ 'ಕತ್ತರಿ' ಎನ್ನುತ್ತಿದ್ದರು. ಯಾರ ಸರ್ಕ್ಯೂಟ್ ಬೋರ್ಡ್ ಆದರೂ ಮುಲಾಜಿಲ್ಲದೆ ಫೇಲ್ ಮಾಡುವವಳು. ಇವನದನ್ನು ಆಗಲೇ ಎರಡು ಸಲ ಮಾಡಿದ್ದಳು. ಇನ್ನೊಮ್ಮೆ ಬಿದ್ದರೆ ಅವನನ್ನು ಬೇರೆ ಊರಿನ ಶಾಖೆಗೆ ಸಾಗಹಾಕುತ್ತಾರೆಂಬುದು ಅವಳಿಗೂ ಗೊತ್ತಿತ್ತು. ನೆನೆದಾಗೆಲ್ಲ ಸಂಕಟವಾಗುತ್ತಿತ್ತು, ಮುಖದಲ್ಲಿ ಮಾತ್ರ ಏನೂ ಕಾಣದು.

"ಹಗೆ ಯಾಕ್ರೀ? ನೀವೇ ನೋಡಿ," ಎಂದಳು.

ಫ್ಲಾಸ್ಕಿನ ಐಸಿನೊಳಗೆ ತಾಪ ಅಳೆಯುವ ಸೆನ್ಸರ್ ಇತ್ತು. ಬಿಸಿಯಾದಷ್ಟೂ ಅದು ಕರೆಂಟಿಗೆ ಒಡ್ಡುವ ತಡೆ, ಅಂದರೆ ರೆಸಿಸ್ಟೆನ್ಸ್, ಏರುತ್ತದೆ. ಅದಕ್ಕೆ ಒಂದೇ ಸಮನೆ ಕರೆಂಟ್ ಕೊಡುವುದಷ್ಟೇ ಇವನ ಬೋರ್ಡಿನ ಕೆಲಸ. ಕರೆಂಟ್ ಅಲುಗಿದರೆ ಸೆನ್ಸರ್ ಪಾಪ, ಸುಳ್ಳು ಹೇಳುತ್ತದೆ. ಬೆಳಿಗ್ಗೆಯೆಲ್ಲ ಸೊನ್ನೆ ಡಿಗ್ರಿ ತೋರಿಸಿದ್ದ ಮೀಟರ್ ಮಧ್ಯಾಹ್ನವಾಗುತ್ತಲೇ ಮೇಲೇರಿತ್ತು. ಐಸ್ ಮಾತ್ರ ಕರಗದೆ ಹಾಗೇ ಇತ್ತು.

ಅವನು ಬಗ್ಗಿ ನೋಡಿದ. ತೋಳು ಅವಳ ಭುಜಕ್ಕೆ ತಾಕಿಯೂ ತಾಕದಂತಿತ್ತು. ಅವಳು ಮೀಟರನ್ನೇ ದಿಟ್ಟಿಸಿದಳು. ಒಂದಂಕಿಯೂ ತಲೆಗೆ ಹೋಗಲಿಲ್ಲ.

ಅವನು ಪುಟ್ಟ ರೆಸಿಸ್ಟರೊಂದನ್ನು ಮುಟ್ಟಿ ಬೆರಳು ಹಿಂದೆಗೆದ. "ಎಷ್ಟು ಬಿಸಿ! ಕರೆಂಟನ್ನ ಒಂದೇ ಸಮ ಹಿಡಿದಿಡೋದೇ ಇದು, ಬಿಸಿಯಾದ್ರೆ ಹಿಡಿತ ತಪ್ಪುತ್ತೆ. ಇದರ ಮೇಲೆ ನೇರ ಬಿಸಿಲು ಬೀಳ್ತಿದೆಯಲ್ರೀ! ಡಬ್ಬದೊಳಗೆ ಕೂರಬೇಕಾದ ಬೋರ್ಡನ್ನ ಕಿಟಕಿಗೆ ಒಣಹಾಕಿದ್ದೀರಾ?"

ಕತ್ತರಿ ಬೋರ್ಡಿನ ಮೇಲೆ ಅಂಗೈ ಅಡ್ಡ ಹಿಡಿದು ನೆರಳು ಮಾಡಿದಳು.

"ಬೆಂಚು ಮೊದಲು ಆ ಮೂಲೇಲಿತ್ತಲ್ವಾ? ಇಲ್ಲಿಗೆ ಯಾರು ತಂದಿದ್ದು?"

"ನಾನೇ."

"ಯಾಕೆ?"

ಗಾಳಿ, ಬೆಳಕು ಅಂತ ಏನೋ ಹೇಳಿ ನುಣುಚಿಕೊಳ್ಳಬಹುದಿತ್ತು. ಆದರೆ ಸುಳ್ಳು ಅಳತೆಯನ್ನು ಎಂದೂ ಒಪ್ಪದವಳಿಗೆ ಅದು ಬಾಯಿಗೆ ಬರಲಿಲ್ಲ. "ಇಲ್ಲಿಂದ ನಿಮ್ಮ ಸೀಟು ಕಾಣುತ್ತೆ," ಎಂದಳು, ರಿಪೋರ್ಟ್ ಓದುವ ದನಿಯಲ್ಲೇ. ಕಿವಿ ಮಾತ್ರ ಕೆಂಪಾಗಿದ್ದವು.

ಎದುರಿನ ಕಟ್ಟಡದಲ್ಲಿ ಅವನ ಖಾಲಿ ಕುರ್ಚಿ ಕಾಣುತ್ತಿತ್ತು. ಅವನು ಅದನ್ನೂ ನೋಡಿದ, ಅವಳನ್ನೂ ನೋಡಿದ.

"ಅಂದ್ರೆ, ನನ್ನ ನೋಡೋ ಆಸೇಲಿ ನನ್ನನ್ನೇ ಊರು ಬಿಡಿಸ್ತಿದ್ರಿ."

"ಹೂಂ."

"ಈ ಕಿಟಕಿಗೊಂದು ಪರದೆ ಇರಲಿಲ್ವಾ?"

"ಇತ್ತು. ತೆಗೆಸಿದ್ದೂ ನಾನೇ."

ಅವನು ನಕ್ಕುಬಿಟ್ಟ. ಇಬ್ಬರೂ ಸೇರಿ ಬೆಂಚನ್ನು ಮೂಲೆಗೆ ತಳ್ಳಿದರು. ಬೋರ್ಡ್ ತಣಿಯುತ್ತಿದ್ದಂತೆ ಮೀಟರ್ ಇಳಿದು, ಸೊನ್ನೆಗೆ ಬಂದು ನಿಂತಿತು. ಸಂಜೆಯವರೆಗೂ ಅಲ್ಲಾಡಲಿಲ್ಲ. ಅವಳು 'ಪಾಸ್' ಎಂದು ಬರೆದು ಸಹಿ ಹಾಕಿದಳು.

"ಇಲ್ಲಿಂದ ನಾನು ಕಾಣಲ್ಲ," ಎಂದ ಅವನು.

"ಗೊತ್ತು."

ಅವನು ಸ್ಟೂಲ್ ಎಳೆದು ಅವಳ ಪಕ್ಕದಲ್ಲೇ ಕೂತ. "ಈಗ?"

ಅವಳು ಬೆಂಚಿಗೆ ಬೆನ್ನು ಮಾಡಿ, ಅವನತ್ತ ತಿರುಗಿದಳು.

"ಈಗ ಕಾಣ್ತೀರಿ. ಆದ್ರೆ ಬೇರೆ ಯಾರ ಬೋರ್ಡನ್ನೂ ಟೆಸ್ಟ್ ಮಾಡೋಕಾಗಲ್ಲ," ಎಂದಳು.