ಒಣ ಜೊಂಡಿನ ಬಣ್ಣದ ಅಂಗಿ

ಹನುಮವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚು ಆಗಷ್ಟೇ ಕಾದಿತ್ತು. ಅಂಗಳದಲ್ಲಿ ಯಾರೋ ಓಡಿ ಬಂದ ಸದ್ದಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಗುಲಾಬಸಾಬ. ಮುಗದದ ಕೆರೆಯಲ್ಲಿ ಬಲೆ ಬೀಸಿ ಬದುಕುವ ಮನುಷ್ಯ. ಎದೆಯವರೆಗೆ ತೊಯ್ದಿದ್ದ. ಕೈಗೆ ರಕ್ತ ಮೆತ್ತಿತ್ತು.

“ಯವ್ವಾ, ಲಗೂ ಬಾ. ಲಕ್ಕಪ್ಪ ಕೆರ್ಯಾಗ ಬಿದ್ದಾನ.”

“ಕಾಲು ಜಾರಿತೇನ?”

ಗುಲಾಬಸಾಬ ಆಗಲೇ ಕೆರೆಯತ್ತ ತಿರುಗಿದ್ದ. ಹನುಮವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ಹಿಂದೆ ಎಂಟು ವರ್ಷದ ಮಗಳು ಬೀರವ್ವ.

ಜೊಂಡಿನ ನಡುವೆ ಗಂಡ ಲಕ್ಕಪ್ಪ ಅಂಗಾತ ಬಿದ್ದಿದ್ದ. ಮೈಮೇಲೆ ಮೀನಿಗೆ ಹೋಗುವಾಗ ಹಾಕುತ್ತಿದ್ದ ಹಸಿರು ಅಂಗಿ. ಎದೆಯ ಮೇಲೆ ಅದು ಹಸಿರಾಗಿ ಉಳಿದಿರಲಿಲ್ಲ. ಗಾಳದ ಕೋಲು ಇನ್ನೂ ಕೈಯಲ್ಲೇ ಇತ್ತು.

ಬೀರವ್ವ ಅಳಲಿಲ್ಲ. ಅಂಗಿಯನ್ನೇ ನೋಡುತ್ತ ನಿಂತಳು. ಅಂದಿನಿಂದ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

* * *

ಮರುದಿನ ಧಾರವಾಡದಿಂದ ಮಧ್ಯಾಹ್ನದ ರೈಲಿಗೆ ಫೌಜದಾರ ಏಕನಾಥರು ಬಂದಿಳಿದರು. ಜೊತೆಗೆ ದತ್ತು ಎಂಬ ಪೊಲೀಸ.

ಊರು ಆಗಲೇ ಗುಲಾಬಸಾಬನತ್ತ ಬೆರಳು ತೋರಿಸಿತ್ತು. ಬಲೆಯಿಂದ ಮೀನು ಬೆದರುತ್ತವೆಂದು ಲಕ್ಕಪ್ಪ ಅವನೊಡನೆ ಜಗಳಾಡಿದ್ದು ನಿಜ.

“ಇದು ಬಂದೂಕಿನ ಗಾಯ,” ಎಂದರು ಏಕನಾಥರು. “ಈ ಊರಾಗ ಬಂದೂಕು ಯಾರ ಹತ್ರ ಐತಿ?”

ಇದ್ದದ್ದು ಒಂದೇ ಬಂದೂಕು. ಹಂದಿ ಹೊಡೆಯಲು ಪರವಾನಗಿ ಪಡೆದದ್ದು. ಲಕ್ಕಪ್ಪನ ಅಣ್ಣ ಶಿದ್ದಪ್ಪನದು.

ಹುಡುಕುವ ಕಷ್ಟವಿರಲಿಲ್ಲ. ಶಿದ್ದಪ್ಪ ತಾನೇ ಬಂದು ಫೌಜದಾರರ ಕಾಲ ಬಳಿ ರುಮಾಲಿಟ್ಟ.

“ತಪ್ಪಾತ್ರಿ ಸಾಹೇಬ್ರ. ಒಡ್ಡಿನ ಮ್ಯಾಲೆ ನಿಂತು ಬಾತುಕೋಳಿಗೆ ಹೊಡದೆ. ನನ್ನ ತಮ್ಮ ಅಲ್ಲೇ ಕುಂತಾನಂತ ನನಗೇನ ಗೊತ್ತು? ಅಂವ ಮೀನಂಗಿ ಹಾಕ್ಕೊಂಡ್ರ ಕೊಕ್ಕರಿನೂ ಬಂದು ಹೆಗಲ ಮ್ಯಾಲೆ ಕುಂಡ್ರತಿತ್ತು. ಊರನ್ನ ಕೇಳ್ರಿ ಬೇಕಾದ್ರ.”

ಹಿರಿಯರು ಹೌದೆಂದು ತಲೆಯಾಡಿಸಿದರು. ಕೈತಪ್ಪಿ ಆದ ಸಾವು ಎಂದರು. ದಿನಕರ್ಮ ಮುಗಿದ ಮೇಲೆ ಹನುಮವ್ವ ಮಗಳನ್ನು ಕರೆದುಕೊಂಡು ಭಾವನ ಮನೆ ಸೇರಬೇಕೆಂದೂ ಅಲ್ಲೇ ಮಾತಾಯಿತು.

“ಕೂಸಿನ ಭಾರ ನಂದು,” ಎಂದ ಶಿದ್ದಪ್ಪ, ಕಣ್ಣೊರೆಸುತ್ತ.

ಹನುಮವ್ವ ಬೀರವ್ವನ ಕೈ ಬಿಗಿಯಾಗಿ ಹಿಡಿದಳು.

* * *

ಗುಂಪು ಕರಗಿದ ಮೇಲೆ ಅವಳು ಫೌಜದಾರರ ಮುಂದೆ ನಿಂತಳು.

“ಸಾಹೇಬ್ರ, ಇದು ಕೈ ತಪ್ಪಿದ್ದಲ್ರಿ. ಭಾವ ಲೆವಿ ಜ್ವಾಳ ಸರ್ಕಾರಕ್ಕ ಕೊಡದ ನೆಲದಾಗಿನ ಹಗೇವಿನ್ಯಾಗ ಮುಚ್ಚಿಟ್ಟಾನ. ನಸುಕಿನ್ಯಾಗ ಗಾಡಿ ಮ್ಯಾಲೆ ಹುಬ್ಬಳ್ಳಿ ಕಾಳಸಂತಿಗೆ ಸಾಗಸ್ತಾನ. ಜೊಂಡಿನ್ಯಾಗ ಕುಂತು ನಮ್ಮಾಂವ ನೋಡಿದ್ದ. ‘ಅಣ್ಣಗ ಹೇಳೇನಿ, ಮಂದಿ ಉಪಾಸ ಸಾಯಾಕತ್ತಾರ, ಬಿಡಂತ’ ಅಂದಿದ್ದ.”

ಏಕನಾಥರು ಮೀಸೆ ಸವರಿದರು. “ಜ್ವಾಳ ಸಿಕ್ರೂ ಅದು ಜ್ವಾಳದ ಗುನ್ಹೆ ತಂಗಿ. ಕೊಲಿ ಅನ್ನಾಕ ಸಾಲೂದಿಲ್ಲ. ತಮ್ಮ ಕಾಣಲಿಲ್ಲ ಅಂತಾನ ಅಂವ. ಕಾಣತಿದ್ದ ಅಂತ ನಾ ತೋರಸಬೇಕು.”

ತೋರಿಸದಿದ್ದರೆ? ಹನುಮವ್ವ ಮಗಳನ್ನು ನೋಡಿದಳು. ತೋರಿಸದಿದ್ದರೆ ಈ ಕೂಸು ತಂದೆಯನ್ನು ಕೊಂದ ಕೈಯಿಂದಲೇ ತುತ್ತು ತಿನ್ನಬೇಕು.

ಏಕನಾಥರು ಹಸಿರು ಅಂಗಿಯನ್ನು ಕಟ್ಟೆಯ ಮೇಲೆ ಹರಡಿದರು. “ಇದನ್ನ ಮಾಡಿದ್ದು ಹೆಂಗ?”

ಹನುಮವ್ವ ಹೇಳಿದಳು. ಮರಿ ಕಾಯುವ ಕೊರವ ಮೀನು ದಡದ ಮೇಲೆ ಬಿಳಿ ಬಟ್ಟೆ ಮಿಸುಕಿದರೂ ತಳ ಸೇರುತ್ತದೆ. ಅದಕ್ಕೇ ಲಕ್ಕಪ್ಪ ಹಳೆಯ ಧೋತರ ಮಡಚಿ ಅಂಗಿ ಹೊಲಿದ. ತಲೆ ಮುಚ್ಚುವಂತೆ ಕುಂಚಿಗೆ ಸೇರಿಸಿದ. ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿ, ಮೇಲೆ ನೀಲಿ ಕೊಟ್ಟು ಹಸಿರು ಮಾಡಿದ. ಚಿಂದಿಗಳನ್ನು ಉದ್ದುದ್ದ ಹರಿದು ತೂಗುಬಿಟ್ಟ. ಮನುಷ್ಯನ ಆಕಾರವೇ ಒಡೆದುಹೋಗುತ್ತಿತ್ತು.

“ಮಳಿಗಾಲಕ್ಕ ಸರಿ,” ಎಂದರು ಏಕನಾಥರು. “ಹೋಳಿ ಹುಣ್ಣಿಮಿ ಆಗಿ ಹೋತು. ಜೊಂಡೆಲ್ಲ ಗೋಧಿ ಹುಲ್ಲಿನಂಗ ಒಣಗೇತಿ. ಮೀನಿನ ಕಣ್ಣು ತಪ್ಪಿಸಾಕ ಇಷ್ಟು ಕಷ್ಟ ಪಟ್ಟಾಂವ ಒಣ ಜೊಂಡಿನ್ಯಾಗ ಹಸರ ಹಾಕ್ಕೊಂಡು ಕುಂತಿದ್ನೇನ?”

“ಬ್ಯಾಸಗಿಗೆ ಬ್ಯಾರೆ ಮಾಡಿದ್ದ್ರಿ. ಉಳ್ಳಾಗಡ್ಡಿ ಸಿಪ್ಪಿ, ಜಾಲಿ ತೊಗಟಿ ಕುದಿಸಿ. ಬೀರಿ ಬೇವಿನಕಡ್ಡಿ ಜಗದು, ಅದ್ರಲೆ ಜೊಂಡಿನಂಗ ಗೆರಿ ಎಳದಿದ್ಲು. ಹದಿನೈದು ದಿವಸದಿಂದ ಅದನ್ನ ಹಾಕ್ಕೊಂಡು ಹೋಗತಿದ್ದ. ಅವತ್ತ ಮುಂಜಾನೆ ಎಲ್ಲಾ ಕಡೆ ಹುಡುಕಿದ. ಸಿಗಲಿಲ್ಲ.”

“ಯಾರರ ಕದ್ದಿರಬೇಕು,” ಎಂದ ದತ್ತು. “ಬೇಕಂತನ ಮಾಡ್ಯಾರ, ಲಕ್ಕಪ್ಪ ಕಾಣಲಿ ಅಂತ.”

ಬೀರವ್ವ ಎದ್ದಳು. ಹಿತ್ತಲಿಗೆ ಹೋದಳು. ಬಣವೆಯೊಳಗೆ ತೋಳು ತೂರಿಸಿ ಅಂಗಿಯನ್ನು ಎಳೆದು ತಂದಳು. ಒಣ ಜೊಂಡಿನ ಬಣ್ಣದ ಅಂಗಿ. ಬೆನ್ನ ಮೇಲೆ ಅಂಗೈಯಗಲ ಕೆಂಪು.

ಲಕ್ಕಪ್ಪ ಸಾಯುವ ಹಿಂದಿನ ದಿನ ರಂಗಪಂಚಮಿ. ಅಂಗಿ ಬೇಲಿಯ ಮೇಲೆ ಒಣಗುತ್ತಿತ್ತು. ಹುಡುಗಿಯರೆಲ್ಲ ಓಕುಳಿ ಎರಚಾಡಿದ್ದರು. ಅಪ್ಪ ಬೈದಾನೆಂದು ಬೀರವ್ವ ಬಚ್ಚಿಟ್ಟಿದ್ದಳು. ಹನುಮವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

* * *

ಮರುದಿನ ನಸುಕಿನಲ್ಲಿ ಊರೆಲ್ಲ ಒಡ್ಡಿನ ಮೇಲೆ ಸೇರಿತು. ಗುಂಡು ಹಾರಿಸಿದಾಗ ನಿಂತಿದ್ದ ಜಾಗವನ್ನು ಶಿದ್ದಪ್ಪನೇ ತೋರಿಸಿದ. ದತ್ತು ಲಕ್ಕಪ್ಪನ ಹಸಿರು ಅಂಗಿ ತೊಟ್ಟು ಜೊಂಡಿನತ್ತ ನಡೆದ.

“ಸಾಹೇಬ್ರ, ಆ ಬಂದೂಕು ಖಾಲಿ ಐತೆಲ್ರಿ?”

“ಸುಮ್ನ ಕುಂಡ್ರೋ.”

ಅವನು ಕುಳಿತ. ಏಕನಾಥರು ಪಕ್ಕದಲ್ಲಿದ್ದ ಮುದುಕಿ ಸಂಗವ್ವನನ್ನು ಕೇಳಿದರು. “ಕಾಣ್ತಾನೇನ ಆಯಿ?”

ಮುದುಕಿ ಹಣೆಗೆ ಕೈ ಹಿಡಿದಳು. “ನನ್ನ ಕಣ್ಣಾಗ ಪೊರಿ ಬಂದೈತಿ. ಆದ್ರೂ ಅಕಾ, ಒಣ ಹೊಲದಾಗ ಮೆಣಸಿನಗಿಡ ನಿಂತಂಗ ಕುಂತಾನಲ್ಲೋ!”

ದತ್ತು ಅಂಗಿ ಬದಲಿಸಿದ. ಒಣ ಬಣ್ಣದ್ದನ್ನು ತೊಟ್ಟು, ಬೆನ್ನ ಮೇಲಿನ ಕೆಂಪು ಕಾಣದಂತೆ ಒಡ್ಡಿಗೆ ಮುಖಮಾಡಿ ಕುಳಿತ. ಊರು ನೋಡಿತು. ಜೊಂಡು ಮಾತ್ರ ಇತ್ತು. ಗಾಳಿಗೆ ತೂಗುತ್ತಿತ್ತು.

“ಎಲ್ಲಿ ಹೋದ ಅಂವ?” ಎಂದಿತು ಯಾವುದೋ ಗಂಟಲು.

ಏಕನಾಥರು ಶಿದ್ದಪ್ಪನತ್ತ ತಿರುಗಿದರು.

“ಮೀನಂಗಿ ಹಾಕ್ಕೊಂಡ್ರ ಕಾಣೂದಿಲ್ಲ ಅಂದಿ. ಖರೇ. ಆದ್ರ ಈ ಅಂಗಿ ಹಾಕ್ಕೊಂಡ್ರ. ಅವತ್ತ ಅಂವನ ಮೈಮ್ಯಾಲೆ ಇದಿರಲಿಲ್ಲ. ಕಾಣೂದಿಲ್ಲ ಅನ್ನೂದು ನಿನ್ನ ಬಾಯಾಗ ಮೊದಲ ತಯಾರಿತ್ತು. ದಿನಾ ಬಂದು ಹುಡುಕಿ, ಕಾಣದ ಹೋಗಿದ್ದಿ, ಅದಕ್ಕ. ಹಸರ ಅಂಗಿ ಕಂಡಾಗ ಗುಂಡು ಹಾರಿಸಿದಿ. ಸುಳ್ಳು ಬದಲಿಸೂದು ಮರತಿ. ನಿನ್ನಿ ಸಂಜಿಕೆ ನಿನ್ನ ಹಗೇವು ತಗಸೇನಿ. ಅರ್ಧ ಖಾಲಿ ಐತಿ. ಜ್ವಾಳ ಎಲ್ಲಿ ಹೋತು?”

ಶಿದ್ದಪ್ಪ ಸುತ್ತ ನೋಡಿದ. ಹಿರಿಯರು ಕಣ್ಣು ತಪ್ಪಿಸಿದರು. ಅವನು ಒಡ್ಡಿನ ಮೇಲೇ ಕುಳಿತುಬಿಟ್ಟ.

“ಚಾವಡಿಗೆ ಹೋಗಿ ಹೇಳ್ತೇನಿ ಅಂದ್ರಿ ಅಂವ. ಒಡಹುಟ್ಟಿದ ಅಣ್ಣಗ! ದಿನಾ ಬಂದೆ. ಇದ ಜಾಗಾದಾಗ ನಿಂತೆ. ಇಲ್ಲೇ ಎಲ್ಲೋ ಕುಂತಾನ ಅಂತ ಗೊತ್ತಿತ್ತು. ಒಂದ ದಿನಾನೂ ಕಾಣಲಿಲ್ಲ. ಅವತ್ತೊಂದ ದಿನ ಕಾಣದಿದ್ರ ಬಿಟ್ಟ ಬಿಡ್ತಿದ್ದೆ, ದೇವರಾಣಿ. ಮರುದಿನ ಬೆಳಗಾದ್ರ ಜ್ವಾಳೆಲ್ಲಾ ಹೋಗಿ ಮುಗೀತಿತ್ತು. ಅವತ್ತ ಕಂಡ. ಹಸರಂಗಿ ಹಾಕ್ಕೊಂಡಿದ್ದ.”

ದತ್ತು ನೀರು ಸೋರುವ ಕೈಯಿಂದ ಅವನಿಗೆ ಬೇಡಿ ತೊಡಿಸಿದ. ಜನ ದಾರಿ ಬಿಟ್ಟರು. ಭಾವನ ಮನೆಯ ಬಾಗಿಲು ಇನ್ನು ತುಳಿಯಬೇಕಾಗಿಲ್ಲ. ಹನುಮವ್ವ ಉಸಿರು ಬಿಟ್ಟಳು. ಆಮೇಲೆ, ಕೈಯೊಳಗಿದ್ದ ಪುಟ್ಟ ಕೈ ತಣ್ಣಗಾಗಿರುವುದು ತಿಳಿಯಿತು. ಮಗಳ ಕಿವಿ ಮುಚ್ಚಬೇಕಿತ್ತು. ಮನೆಯಲ್ಲೇ ಬಿಟ್ಟು ಬರಬೇಕಿತ್ತು.

ಬೀರವ್ವ ತಾಯಿಯ ಮುಖ ನೋಡಿದಳು. ಅಪ್ಪ ಸತ್ತ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

“ಅವ್ವಾ, ನಾ ಆ ಅಂಗಿ ಬಚ್ಚಿಡದಿದ್ರ, ದೊಡ್ಡಪ್ಪಗ ಅಪ್ಪ ಕಾಣತಿದ್ದಿಲ್ಲೇನ?”