ಮೂರನೇ ಕಂತಿನ ಕತ್ತಲು

ಜೋಗಪ್ಪನನ್ನು ಮೊದಲು ಕಂಡದ್ದು ಗದ್ದೆಯ ಕಳೆ ಕಿತ್ತು ಮನೆಗೆ ಹೊರಟಿದ್ದ ಹೆಂಗಸರು. ಭಾನುವಾರ ಮಧ್ಯಾಹ್ನ ಮೂರೂವರೆ ಗಂಟೆ. ಸಿರುಗುಪ್ಪದಿಂದ ಹಚ್ಚೊಳ್ಳಿ ಕಡೆಗೆ ಹೋಗುವ ಕಾಲುವೆ ದಾರಿ. ಸೈಕಲ್ಲು ಒಂದು ಕಡೆ, ಅವನು ಒಂದು ಕಡೆ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ; ಆ ದಾರಿಯಲ್ಲಿ ಅವನನ್ನು ಅರಿಯದವರಿಲ್ಲ. ಹೆಂಗಸರು ಬಾಯಿಗೆ ನೀರು ಬಿಟ್ಟರು. ಉಸಿರು ಇತ್ತು. ಮಾತು ಇರಲಿಲ್ಲ.

ನಾನು ಕರಿಬಸವ, ಆಗ ಸಿರುಗುಪ್ಪ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಪಿಎಸ್‌ಐ ಸುಧಾರಾಣಿ ಮೇಡಂ ಜೊತೆ ಸ್ಥಳಕ್ಕೆ ಹೋದೆ. ಒಡೆದ ಹೆಡ್‌ಲೈಟಿನ ಚೂರುಗಳು ಬಿದ್ದಿದ್ದವು. ಸೈಕಲ್ಲಿನ ಮಡ್‌ಗಾರ್ಡಿಗೆ ಬಿಳಿ ಬಣ್ಣ ಮೆತ್ತಿತ್ತು. ಮೇಡಂ ಮಣ್ಣಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಗಾಡಿ ಮುಂದ ಹೋಗಿ ನಿಂತೈತಿ, ಕರಿಬಸಣ್ಣ. ಇಳಿದು ಇಲ್ಲಿತನಕ ನಡಕೊಂಡು ಬಂದಾನ. ನಿಂತು ನೋಡ್ಯಾನ. ತಿರುಗಿ ಹೋಗ್ಯಾನ."

ಚಪ್ಪಲಿಯ ಗುರುತು ಯಾರದೆಂದು ಹೇಳುವಷ್ಟು ಸ್ಪಷ್ಟವಿರಲಿಲ್ಲ. ಆದರೆ ನಡೆದದ್ದು ಸ್ಪಷ್ಟವಿತ್ತು.

ಜೋಗಪ್ಪನನ್ನು ಬಳ್ಳಾರಿ ಆಸ್ಪತ್ರೆಗೆ ಸಾಗಿಸಿದೆವು. ಬುಧವಾರ ಬೆಳಿಗ್ಗೆ ತೀರಿಕೊಂಡ. ಅರ್ಧ ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಅವನ ಹೆಂಡತಿ ದೊಡ್ಡಬಸಮ್ಮನ ಎದುರಿಗೇ ಅಂದುಬಿಟ್ಟರು.

ಕಾರು ಸೋಮವಾರವೇ ಸಿಕ್ಕಿತ್ತು. ಊರ ಅಂಚಿನಲ್ಲಿ ದುರ್ಗೇಶನ ಮನೆ. ರಸಗೊಬ್ಬರದ ಅಂಗಡಿಯ ಮಾಲೀಕ, ಶಾಲೆಯ ಕಮಿಟಿಯಲ್ಲಿದ್ದ, ಹಬ್ಬಕ್ಕೆ ಠಾಣೆಗೆ ಸಿಹಿ ಕಳಿಸುತ್ತಿದ್ದ. ಅವನ ಮನೆಯ ಶೆಡ್ಡಿನಲ್ಲಿ ತಾಡಪಾಲು ಹೊದ್ದ ಬಿಳಿ ಕಾರು. ಎಡಗಡೆಯ ದೀಪ ಒಡೆದಿತ್ತು. ಗಾಡಿಯನ್ನು ಚೊಕ್ಕಟವಾಗಿ ತೊಳೆದಿಟ್ಟಿದ್ದರು. ತೊಳೆದವನು ಡ್ರೈವರ್ ಹೊನ್ನೂರಸ್ವಾಮಿ. ಪಕ್ಕದ ಮನೆಯವರು ಕಣ್ಣಾರೆ ಕಂಡಿದ್ದರು.

ಆ ಮಧ್ಯಾಹ್ನ ಮನೆಯಲ್ಲಿದ್ದವರು ಮೂವರೇ: ದುರ್ಗೇಶ, ಅವನ ತಾಯಿ ಸಾವಂತ್ರಮ್ಮ, ಹೊನ್ನೂರಸ್ವಾಮಿ. ಹೆಂಡತಿ ಸುವರ್ಣಮ್ಮ ತೊಟ್ಟಿಲ ಕಾರ್ಯಕ್ಕೆಂದು ಬಳ್ಳಾರಿಗೆ ಹೋಗಿದ್ದಳು. ಗಾಡಿ ಓಡಿಸಬಲ್ಲವರು ಇಬ್ಬರು ಗಂಡಸರು. ಇಬ್ಬರೂ ಒಂದೇ ಮಾತು ಹೇಳಿದರು — ನಾನು ಮನೆಯಲ್ಲಿ ಟಿವಿ ನೋಡುತ್ತ ಕುಳಿತಿದ್ದೆ, ಕಾರು ಒಯ್ದವನು ಅವನು.

ಹೊನ್ನೂರಸ್ವಾಮಿಯನ್ನು ಮೊದಲು ವಿಚಾರಿಸಿದವನು ನಾನು.

"ಎಷ್ಟೊತ್ತು ನೋಡಿದಿ?"

"ಅರ್ಧ ತಾಸರ ಆಗಿರಬೇಕ್ರಿ. ಸಾವ್ಕಾರ್ರು ಟಿವಿ ಹಚ್ಚಿಟ್ಟು, ನೀ ಇಲ್ಲೇ ಕುಂದ್ರು, ಅಮ್ಮಾರು ಒಬ್ಬರ ಅದಾರ, ನಾ ಗೋಡೌನಿಗೆ ಹೋಗಿ ಬರ್ತೀನಿ ಅಂದ್ರು. ಕೀಲಿ ತಗೊಂಡು ಹೋದ್ರು."

"ಏನು ನೋಡಿದಿ?"

"ನೆಟ್ಟಿನ ಸೀರಿಯಲ್ಲು ಯಾವುದೋ ಇತ್ರಿ."

"ಅದರಾಗ ಏನು ಬಂತು?"

ಅವನು ತಲೆ ತಗ್ಗಿಸಿದ. "ಏನೂ ಕಾಣ್ಲಿಲ್ರಿ ಸಾರ್. ಬರೇ ಕತ್ತಲಿ. ಎಲ್ಲೋ ನೀರು ತಟಕಿದಂಗ ಸದ್ದು ಕೇಳ್ತಿತ್ತು. ಒಬ್ಬಾಕಿ ಜೋಗುಳ ಹಾಡಿದಂಗಾತು. ಅಷ್ಟ."

"ಲೇ, ಅರ್ಧ ತಾಸು ನೋಡೀನಿ ಅಂತಿ. ಏನು ನೋಡಿದಿ ಅಂದ್ರ ಕತ್ತಲಿ ಅಂತಿ. ಸುಳ್ಳು ಹೇಳಾಕೂ ಬುದ್ಧಿ ಬೇಕಲೇ."

ಗಾಡಿ ತೊಳೆದೆಯಾ ಎಂದರೆ ಹೂಂ ಎಂದ. ರಕ್ತ ಕಾಣಲಿಲ್ಲವೇ ಎಂದರೆ ನಾಯಿ ಗಾಲಿಗೆ ಬಿತ್ತು ಅಂತ ಸಾವ್ಕಾರ್ರು ಅಂದ್ರು ಎಂದ. ಅದನ್ನೂ ನಾನು ನಂಬಲಿಲ್ಲ. ಕೋರ್ಟು ಅವನನ್ನು ಬಳ್ಳಾರಿ ಜೈಲಿಗೆ ಕಳಿಸಿತು.

ಜೋಗಪ್ಪ ಸತ್ತ ಮೇಲೆ ಶುಕ್ರವಾರ ದುರ್ಗೇಶನ ಪೂರ್ಣ ಹೇಳಿಕೆ ಪಡೆದೆವು. ಪ್ರಶ್ನೆ ಕೇಳಿದವರು ಮೇಡಂ. ಬರೆದವನು ನಾನು.

"ಯಾವ ಸೀರಿಯಲ್ಲು ನೋಡಿದ್ರಿ?"

"ಆ ಕೋಟೆ ಸುರಂಗದ್ದು ಐತೆಲ್ರಿ, ಅದು. ಮೂರನೇ ಕಂತು. ನಮ್ಮ ಮನಿಯಾಕಿ ನೋಡ್ತಿದ್ದಳು. ಹೊತ್ತು ಹೋಗಲಾರದಕ್ಕ ಹಚ್ಚಿದೆ."

"ಕಥಿ ನೆನಪೈತೇನು?"

"ಐತ್ರಿ. ಕಂತು ಪೂರಾ ಸುರಂಗದಾಗ ನಡಿತೈತಿ. ಆ ಹೆಣ್ಣುಮಗಳು ಒಳಗ ಹೋಗ್ತಾಳ. ಕೂಸಿನ ಬಟ್ಟಿ ಸಿಗತೈತಿ. ಅದನ್ನ ಎದಿಗೆ ಒತ್ತಿಕೊಂಡು ಜೋಗುಳ ಹಾಡ್ತಾಳ. ಅವಳ ಹಿಂದ, ಕಂಬದ ಮರಿಗೆ ಅವರಣ್ಣ ನಿಂತಿರ್ತಾನ. ಕೊಲಿಗಾರ ಅವನೇ ಅಂತ ಅಲ್ಲಿ ಗೊತ್ತಾಗತೈತಿ. ಮಾತಿಲ್ಲ, ಬರೇ ಮುಖ ಕಾಣತೈತಿ."

"ಅದಕ್ಕೂ ಮೊದಲು ಎಲ್ಲೆರ ನೋಡಿದ್ರೇನು? ಫೋನಿನ್ಯಾಗ? ಆಮ್ಯಾಲೆ?"

"ಇಲ್ರಿ. ಒಂದ ಸಲ. ಭಾನುವಾರ, ಮನಿ ಟಿವ್ಯಾಗ."

ಮೇಡಂ ಅದನ್ನು ಅವನ ಮಾತಿನಲ್ಲೇ ಬರೆಸಿದರು. ಟಿವಿಯ ಆ್ಯಪ್ ತೆರೆದು ಪರಿಶೀಲಿಸಿದೆವು. ಮೂರನೇ ಕಂತು ಆ ಮನೆಯಲ್ಲಿ ಓಡಿದ್ದು ಒಂದೇ ಸಲ — ಭಾನುವಾರ, ಎರಡು ನಲವತ್ತಕ್ಕೆ ಶುರು. ಒಳಕೋಣೆಯಲ್ಲಿ ಮಲಗಿದ್ದ ಸಾವಂತ್ರಮ್ಮ ಸಾಕ್ಷಿ ಹೇಳಿದಳು: "ಟಿವಿ ಸದ್ದು ಕೇಳ್ತಿತ್ತವ್ವ. ನನ್ನ ಮಗ ನೋಡಾಕತ್ತಿದ್ದ." ಎಪ್ಪತ್ತೈದು ದಾಟಿದ ಹೆಂಗಸು. ಅವಳ ಮಾತಿಗೆ ಯಾರು ಎದುರು ಹೇಳುತ್ತಾರೆ? ನನ್ನ ಮಟ್ಟಿಗೆ ಕೇಸು ಮುಗಿದಿತ್ತು.

ಶನಿವಾರ ಸುವರ್ಣಮ್ಮನ ಹೇಳಿಕೆಗೆ ಹೋದೆವು. ದುರ್ಗೇಶ ಅಂಗಡಿಯಲ್ಲಿದ್ದ. ಅವಳಿಗೆ ಹೇಳಲು ಏನೂ ಇರಲಿಲ್ಲ. ಏಳುವಾಗ ಮೇಡಂ ಕೇಳಿದರು:

"ಈ ವಾರ ಮನಿಗೆ ಹೊರಗಿನವರು ಯಾರು ಬಂದಿದ್ರು?"

"ಕುರುಗೋಡಿನ ಗಾಳೆಪ್ಪ ಒಬ್ಬಾಂವ, ಟಿವಿ ರಿಪೇರಿಗೆ. ಗುರುವಾರ ಬಂದು ಸರಿ ಮಾಡಿ ಹೋದ."

ನಾನು ಅದನ್ನು ಬರೆದು ಹಾಳೆ ತಿರುವಿದೆ. ಜೀಪು ಬಸ್‌ಸ್ಟ್ಯಾಂಡು ದಾಟುವಾಗ ಮೇಡಂ ಕೈ ಚಾಚಿದರು.

"ಆ ಹಾಳಿ ಕೊಡ್ರಿ ಕರಿಬಸಣ್ಣ. ಗುರುವಾರ ಅಂದಳಲ್ಲ?"

"ಹೌದ್ರಿ."

"ಹೊನ್ನೂರಸ್ವಾಮಿ ನಿಮ್ಮ ಮುಂದ ಹೇಳಿಕೆ ಕೊಟ್ಟದ್ದು?"

"ಸೋಮವಾರ."

ಅವರು ಹಾಳೆ ಮಡಚಿಟ್ಟರು. "ಜೀಪು ತಿರುಗಿಸಾಕ ಹೇಳ್ರಿ. ಕುರುಗೋಡಿಗೆ ಹೋಗೋಣ."

ಗಾಳೆಪ್ಪನ ಅಂಗಡಿ ಎಂದರೆ ತೆರೆದ ಟಿವಿಗಳ ನಡುವೆ ಒಂದು ಸ್ಟೂಲು. ಐವತ್ತರ ಆಸುಪಾಸಿನ, ಮಿತಭಾಷಿ. ಪೊಲೀಸರನ್ನು ಕಂಡು ಎದ್ದು ನಿಂತ.

"ಆ ಟಿವಿಗೆ ಏನಾಗಿತ್ತು?" ಮೇಡಂ ಕೇಳಿದರು.

"ಕೆಟ್ಟಿದ್ದಿಲ್ರಿ. ಕೇಬಲ್ಲಿನ ಚಾನಲ್ಲು ಚಲೋನ ಬರ್ತಿದ್ವು. ನೆಟ್ಟಿನ ಪಿಚ್ಚರ್ ಹಚ್ಚಿದ್ರ ಅಷ್ಟ ಕತ್ತಲಿ."

"ಯಾಕ?"

"ಆ ಪಿಚ್ಚರುಗಳನ್ನ ಭಾಳ ಬೆಳಕು ಕೊಡೋ ದೊಡ್ಡ ಟಿವಿಗಂತ ಮಾಡಿರ್ತಾರ್ರಿ ಮೇಡಂ. ಸಾದಾ ಟಿವಿಗೆ ಅಷ್ಟು ಬೆಳಕು ಕೊಡಾಕ ಆಗಂಗಿಲ್ಲ. ಇಡೀ ಚಿತ್ರನ ಮಂಕು ಮಾಡಿಬಿಡತೈತಿ. ಅದರ ಮ್ಯಾಲ ಕರೆಂಟು ಉಳಿಸೋ ಸೆಟ್ಟಿಂಗ್ ಬ್ಯಾರೆ ಹಾಕಿದ್ರು. ಟಿವಿಗೆ ಹಚ್ಚಿದ ನೆಟ್ಟಿನ ಡಬ್ಬಿದು ಕಪ್ಪಿನ ಅಳತಿ ಒಂದು, ಟಿವಿದು ಇನ್ನೊಂದು. ಮೂರೂ ಕೂಡಿದ್ರ ಬೆಳಕಿನ ಸೀನು ಮಸಕು, ಕತ್ತಲ ಸೀನು ಪೂರಾ ಕಪ್ಪು. ನಾ ಸೆಟ್ಟಿಂಗ್ ಬದಲು ಮಾಡಿದೆ, ಅಷ್ಟ. ಸಾಮಾನು ಏನೂ ಹಾಕಿಲ್ಲ."

"ನಿಮ್ಮನ್ನ ಕರೆದದ್ದು ಯಾವಾಗ?"

ಗಾಳೆಪ್ಪ ಫೋನು ತೆಗೆದ. ಸುವರ್ಣಮ್ಮನ ಧ್ವನಿ ಸಂದೇಶ ಇನ್ನೂ ಇತ್ತು. ಅಪಘಾತದ ಹಿಂದಿನ ದಿನದ್ದು, ಶನಿವಾರ ಸಂಜೆಯದ್ದು. "ಗಾಳೆಪ್ಪಣ್ಣಾ, ಎರಡು ಕಂತು ಹೆಂಗೋ ನೋಡಿದೆ, ಯಾರ ಮುಖಾನೂ ಕಾಣಂಗಿಲ್ಲ. ಸರಿ ಆಗೋತನಕ ಮುಂದಿಂದು ನೋಡಂಗಿಲ್ಲ. ಈ ಕಡಿ ಬಂದಾಗ ಬಂದು ಹೋಗ್ರಿ."

ನಾನು ಅಂಗಡಿಯ ಹೊರಗೆ ಬಂದು ನಿಂತೆ. ಅಲ್ಲೇ ಮೇಡಂ ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮರುದಿನ ಭಾನುವಾರ, ಅದೇ ಎರಡು ನಲವತ್ತಕ್ಕೆ, ದುರ್ಗೇಶನ ಮನೆಯ ಹಾಲಿನಲ್ಲಿ ಎಲ್ಲರೂ ಕುಳಿತೆವು. ದುರ್ಗೇಶ, ಸುವರ್ಣಮ್ಮ, ಗೋಡೆಗೆ ಒರಗಿ ಸಾವಂತ್ರಮ್ಮ. ಪಂಚರಾಗಿ ನೆರೆಯ ಅಯ್ಯಣ್ಣ ಮೇಷ್ಟ್ರು ಮತ್ತು ರಾಮಪ್ಪ. ಗಾಳೆಪ್ಪ ರಿಮೋಟು ಹಿಡಿದು ಟಿವಿಯನ್ನು ತಾನು ಬರುವ ಮೊದಲು ಹೇಗಿತ್ತೋ ಹಾಗೆ ಮಾಡಿದ.

"ಮೂರನೇ ಕಂತು ಹಚ್ರಿ," ಎಂದರು ಮೇಡಂ.

ಶುರುವಾಯಿತು. ಪರದೆಯ ಮೇಲೆ ಕಪ್ಪು. ಕಿಟಕಿಯ ಬಿಸಿಲು, ನಮ್ಮ ನೆರಳು ಅದರಲ್ಲಿ ಕಾಣುತ್ತಿದ್ದವು, ಚಿತ್ರ ಕಾಣುತ್ತಿರಲಿಲ್ಲ. ಎಲ್ಲೋ ನೀರು ತಟಕುವ ಸದ್ದು. ಬಹಳ ಹೊತ್ತಿನ ಮೇಲೆ ಒಬ್ಬ ಹೆಣ್ಣಿನ ದನಿ, ಮೆಲ್ಲಗೆ, ಜೋಗುಳ. ನಾನು ಎದ್ದು ಒಂದು ಮೊಳದಷ್ಟು ಹತ್ತಿರ ಹೋಗಿ ನೋಡಿದೆ. ಏನೂ ಇರಲಿಲ್ಲ.

"ದುರ್ಗೇಶ್, ಕಂಬದ ಮರಿಗೆ ಯಾರದಾರ?" ಎಂದರು ಮೇಡಂ.

ಅವನು ಕಣ್ಣು ಕಿರಿದು ಮಾಡಿ ಪರದೆಯತ್ತ ಬಗ್ಗಿದ.

"ಗಾಳೆಪ್ಪ, ಈಗ ನೀವು ಗುರುವಾರ ಮಾಡಿದ್ದು ಮಾಡ್ರಿ. ಅದ ಸೀನು ಮತ್ತೊಮ್ಮೆ."

ಗಾಳೆಪ್ಪ ಒಂದೊಂದಾಗಿ ಬದಲಿಸಿದ. ಕಪ್ಪಿನೊಳಗಿಂದ ಕಲ್ಲಿನ ಗೋಡೆ ಎದ್ದು ಬಂತು. ಕಂಬ ಬಂತು. ಕೂಸಿನ ಬಟ್ಟೆ ಹಿಡಿದ ಹೆಂಗಸು ಬಂದಳು. ಅವಳ ಬೆನ್ನ ಹಿಂದೆ, ಮಾತಿಲ್ಲದೆ, ಒಂದು ಮುಖ.

ಮೇಡಂ ಟಿವಿ ಆರಿಸಿದರು.

"ಇಬ್ಬರು ಮನುಷ್ಯಾರು ಇದ ಟಿವಿ ನೋಡಿದೆ ಅಂದ್ರು. ಒಬ್ಬರು ಎಲ್ಲಾ ಬಿಡಿಸಿ ಹೇಳಿದ್ರು. ಇನ್ನೊಬ್ಬ ಬರೇ ಕತ್ತಲಿ ಅಂದ. ಎಲ್ಲಾ ಹೇಳಿದವರನ್ನ ನಾವು ನಂಬಿದ್ವಿ. ಅವತ್ತು ಈ ಟಿವ್ಯಾಗ ಆ ಮುಖ ಯಾರಿಗೂ ಕಾಣಾಕ ಸಾಧ್ಯ ಇದ್ದಿಲ್ಲ, ದುರ್ಗೇಶ್. ಇಲ್ಲಿ ಕುಂತವರು ಕತ್ತಲಿ ಅಂತ ಹೇಳಬೇಕಿತ್ತು. ಹೊನ್ನೂರಸ್ವಾಮಿ ಹಂಗ ಹೇಳಿದ. ನೀರಿನ ಸದ್ದು, ಜೋಗುಳ, ಎರಡೂ ಹೇಳಿದ. ಈ ಮನಿಯಾಗ ಮೂರನೇ ಕಂತು ಓಡಿದ್ದು ಭಾನುವಾರ ಒಂದ ಸಲ. ಸೋಮವಾರದಿಂದ ಅವನು ನಮ್ಮ ಕೈಯಾಗ ಇದ್ದ. ಅವತ್ತು ಇಲ್ಲಿ ಕುಂತಿರಲಾರದ ಅವನಿಗೆ ಅದು ಹೆಂಗ ಗೊತ್ತಾಗತೈತಿ? ಕುಂತಿದ್ದಾಂವ ಅವನು. ಹಂಗಾರ ಗಾಡಿ ಓಡಿಸಿದವರು ಯಾರು?"

"ಗೋಡೌನಿಗೆ ಹೋಗೋದಿತ್ತು," ಎಂದ ದುರ್ಗೇಶ, ಕೊನೆಗೆ. "ಫೋನು ಮನ್ಯಾಗ ಮರೆತಿದ್ದೆ. ಬೇಗ ಹೋಗಿ ಬರೋಣಂತ ಜೋರು ಹೊಡದೆ. ತಿರುವಿನ್ಯಾಗ ಸೈಕಲ್ಲು ಅಡ್ಡ ಬಂತು." ಅವನ ಕಣ್ಣು ನೆಲದ ಮೇಲಿತ್ತು. "ಸೀರಿಯಲ್ಲು ಮಂಗಳವಾರ ಅಂಗಡ್ಯಾಗ ಒಬ್ಬರ ಫೋನಿನ್ಯಾಗ ನೋಡಿದೆ. ಕೇಳಿದ್ರ ಹೇಳಾಕ ಬೇಕಂತ. ನಾ ಟಿವ್ಯಾಗ ಸುದ್ದಿ ಬಿಟ್ರ ಏನೂ ನೋಡಾಂವಲ್ಲ. ಅವತ್ತು ಅವನಿಗಂತ ಮನಿಯಾಕಿ ನೋಡೋದನ್ನ ಹಚ್ಚಿ ಹಂಗ ಹೊಂಟೆ. ಕತ್ತಲಿ ಬರ್ತೈತಿ ಅಂತ ನನಗೆ ಗೊತ್ತಿದ್ದಿಲ್ಲ."

ಸುವರ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗೋಡೆಗೆ ಒರಗಿದ್ದ ಸಾವಂತ್ರಮ್ಮ ನೆಟ್ಟಗೆ ಕುಳಿತಳು.

"ಇಳಿದು ನೋಡಿದೇನಪ್ಪಾ?"

"ಅವ್ವಾ—"

"ಇಳಿದು ನೋಡಿದೇನು?"

"ನೋಡಿದೆ."

"ಜೀವ ಇತ್ತೇನು?"

ದುರ್ಗೇಶ ಮುಖ ಮುಚ್ಚಿಕೊಂಡ. ಕೈಗಳ ಸಂದಿನಿಂದ ಅಂದ: "ಕೈ ಎತ್ತಿದ."

ಮುದುಕಿ ಮಗನ ಕಡೆ ಮತ್ತೆ ನೋಡಲಿಲ್ಲ. ಮೇಡಂ ಕಡೆ ತಿರುಗಿದಳು. "ಟಿವಿ ಸದ್ದು ಕೇಳಿದ್ದು ಖರೇನವ್ವ. ಮಗ ಅದಾನ ಅಂದದ್ದು ನನ್ನ ಅಂದಾಜು. ಬರಕೋರಿ. ಹೆಬ್ಬೆಟ್ಟು ಒತ್ತತೀನಿ."

ಹೊನ್ನೂರಸ್ವಾಮಿ ಹೊರಗೆ ಬರಲು ಇನ್ನೂ ನಾಲ್ಕು ದಿನ ಹಿಡಿಯಿತು. ಕರೆತರಲು ಬಳ್ಳಾರಿಗೆ ನಾನೇ ಹೋದೆ; ಯಾರೂ ಹೇಳಿರಲಿಲ್ಲ. ಜೈಲಿನ ಬಾಗಿಲಲ್ಲಿ ಅವನು ನನ್ನನ್ನು ಕಂಡು ಹಿಂದೆ ಸರಿದ. "ತಪ್ಪಾತು ಅಪ್ಪಾ," ಎಂದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಮಾತು ಯಾರಿಗೂ ಅಂದವನಲ್ಲ. ಅವನು ಬಂದು ಬಸ್ಸು ಹತ್ತಿದ. ಬಸ್ಸಿನಲ್ಲಿ ಕೊಳಗಲ್ಲು ದಾಟಿದ ಮೇಲೆ ಒಂದೇ ಒಂದು ಮಾತಾಡಿದ.

"ಮನಿಗೆ ಆಮ್ಯಾಲೆ ಹೋಗ್ತೀನ್ರಿ. ಮೊದಲು ಜೋಗಪ್ಪನ ಮನಿ ತೋರಸ್ರಿ."

ದೊಡ್ಡಬಸಮ್ಮ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಸುದ್ದಿ ಮುಟ್ಟಿತ್ತು. ಮೊರ ಕೆಳಗಿಟ್ಟಳು. ಅವನು ಕಟ್ಟೆಯ ಹತ್ತಿರ ಹೋಗದೆ ದೂರವೇ ನಿಂತ.

"ಗಾಡಿ ನೀ ಓಡಿಸಿದ್ದಿಲ್ಲಂತ," ಎಂದಳು.

"ಇಲ್ಲವ್ವ. ಆದರ ತೊಳದಾಂವ ನಾನು."

ಅವಳು ಮಡಿಲಿಗೆ ಬಿದ್ದ ಕಾಳು ಕೊಡವಿದಳು.

"ನಾಯಿ ಅಂದ್ರು. ನೀರು ಹಾಕುವಾಗ ನನಗೂ ಯಾಕೋ ಅನ್ನಿಸ್ತವ್ವ, ನಾಯಿ ಇರಲಿಕ್ಕಿಲ್ಲ ಅಂತ. ಕೇಳಾಕ ಧೈರ್ಯ ಬರಲಿಲ್ಲ. ಅವಾಗ ಕೇಳಿ ಓಡಿ ಬಂದಿದ್ರ..."

ದೊಡ್ಡಬಸಮ್ಮ ಅವನನ್ನು ದಿಟ್ಟಿಸುತ್ತ ಕುಳಿತಳು. ನಾನು ಬೇಲಿಯ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ಕಾಲುವೆಯ ಕಡೆಯಿಂದ ಟ್ರ್ಯಾಕ್ಟರೊಂದು ಹೋದ ಸದ್ದು ಬಂದು ಅಡಗಿತು.

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ಚಾಪೆ ತಂದು ಕಟ್ಟೆಯ ಮೇಲೆ ಹಾಸಿದಳು.

"ಕುಂದ್ರು," ಎಂದಳು.