ರಾಜಕುಮಾರಿಯ ಸೀನು, ಬೂದಿರಾಯನ ಸ್ನಾನ

ಬಹಳ ಕಾಲದ ಹಿಂದೆ, ಬೆಟ್ಟಗಳು ಇನ್ನೂ ಓಡಾಡಿಕೊಂಡಿದ್ದ ಕಾಲದಲ್ಲಿ, ತುಂಬೆಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ರಾಜಕುಮಾರಿ ಹೊನ್ನಲದೇವಿಗೆ ಬೆಕ್ಕು ಅಂದರೆ ಪ್ರಾಣ. ಬೆಕ್ಕು ಹತ್ತಿರ ಬಂದರೆ ಸೀನು. ಅದೆಂಥ ಸೀನು! ಒಂದು ಸೀನಿಗೆ ಅರಮನೆಯ ಹೆಂಚು ಹಾರಿ ನಮ್ಮಜ್ಜನ ಅಜ್ಜನ ಹಿತ್ತಲಿಗೆ ಬಿದ್ದಿತ್ತು. ಆ ಹೆಂಚು ಈಗಲೂ ನಮ್ಮ ಮನೆಯಲ್ಲಿದೆ.

ಅಲ್ಲಿಯ ಕಟ್ಟಳೆ ಹೀಗಿತ್ತು: ಪಟ್ಟಕ್ಕೆ ಕೂರುವವರು ಅರಮನೆಯ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಪ್ರಮಾಣ ಮಾಡಬೇಕು. ನಡುವೆ ಸೀನಿದರೆ ಅಪಶಕುನ. ಆಗ ಸಿಂಹಾಸನ ಮಂತ್ರವಾದಿ ಧೂಮ್ರಜಟಿಯ ಪಾಲು. ಸದಾ ಮೂಗಿಗೆ ರೇಷ್ಮೆ ವಸ್ತ್ರ ಕಟ್ಟಿಕೊಂಡೇ ತಿರುಗುತ್ತಿದ್ದ ಆಸಾಮಿ ಅವನು.

"ಬೆಕ್ಕಿನ ಕೂದಲಲ್ಲಿ ದೆವ್ವ ಕೂತಿದೆ ತಾಯಿ. ಬೆಕ್ಕುಗಳನ್ನೆಲ್ಲ ಕಾಡಿಗಟ್ಟಿಬಿಡಿ," ಅಂದ ಅವನು.

"ಬೂದಿರಾಯನನ್ನು ಬಿಟ್ಟು ನನಗೆ ಪಟ್ಟವೇ ಬೇಡ," ಅಂದಳು ರಾಜಕುಮಾರಿ. ಬೂದಿರಾಯ ಅಂದರೆ ಅವಳ ಬೆಕ್ಕು. ಕರುವಿನಷ್ಟು ಗಾತ್ರ, ಮಾತೂ ಬರುತ್ತಿತ್ತು.

ಮೊದಲು ಬೂದಿರಾಯನ ಮೈ ಬೋಳಿಸಿದಳು. "ಏನಮ್ಮಾ ಇದು, ಸುಲಿದ ಬದನೆಕಾಯಿ ಮಾಡಿಬಿಟ್ಟಿರಲ್ಲ!" ಅಂತ ಅವನು ಗೋಳಾಡಿದ. ಎತ್ತಿಕೊಂಡಳು. ಆಕ್ಷೀ!

ಆಮೇಲೆ ಬೆಂಕಿ ಉಗುಳುವ ಬೆಟ್ಟ ಹತ್ತಿ, ಹುಟ್ಟಿದಾಗಿನಿಂದ ಕೂದಲೇ ಇಲ್ಲದ ಬೆಕ್ಕೊಂದನ್ನು ತಂದಳು. ಎತ್ತಿಕೊಂಡಳು. ಆಕ್ಷೀ!

"ಕೂದಲಿನ ತಪ್ಪಲ್ಲ ಅಂತಾಯಿತು. ಮೂಗನ್ನೇ ಕೇಳೋಣ," ಅನ್ನುತ್ತಾ ಬೂದಿರಾಯ ಅವಳಿಗೆ ಮೀಸೆ ಸೋಕಿಸಿದ. ಅವಳು ಸಾಸಿವೆಯಷ್ಟಾಗಿ ತನ್ನ ಮೂಗಿನೊಳಗೆ ತಾನೇ ಹೊಕ್ಕಳು. ಹೇಗೆ ಅಂತ ಕೇಳಬೇಡಿ, ಹೊಕ್ಕಳು.

ಒಳಗೆ ಕಾವಲು ಪಡೆ ದೊಣ್ಣೆ ಹಿಡಿದು ನಿಂತಿತ್ತು. ಧೂಳಿನ ಕಣವೊಂದು ತೇಲಿಬಂತು. "ಶತ್ರು! ಕಹಳೆ ಊದ್ರೋ!" ಅಂತ ದಳವಾಯಿ ಕಿರುಚಿದ.

"ತಡಿಯಪ್ಪಾ. ಇದು ನಿನಗೇನು ಮಾಡಿತ್ತು?"

"ಏನೂ ಇಲ್ಲ ತಾಯಿ. ಬೇರೆಯವರ ಮೂಗಲ್ಲಿ ಇದನ್ನ ಸುಮ್ಮನೆ ಒಳಗೆ ಬಿಡ್ತಾರಂತೆ. ನಾವು ಒಂದ್ಸಲ ಕಳ್ಳ ಅಂದ್ಕೊಂಡ್ವಿ, ಈಗ ಕಂಡಾಗೆಲ್ಲ ಕೈ ತಡೆಯೋಲ್ಲ."

ಅವಳು ಕಣವನ್ನು ಹಿಡಿದು ನೋಡಿದಳು. ಬೆಕ್ಕಿನ ಒಣಗಿದ ಎಂಜಲು, ಅದಕ್ಕಂಟಿದ ತೊಗಲಿನ ಹೊಟ್ಟು!

ಹೊರಬಂದು ಹಣೆ ಚಚ್ಚಿಕೊಂಡಳು. ಅರಮನೆಯಲ್ಲಿ ಒಬ್ಬರ ಎಂಜಲು ಲೋಟ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಬೆಕ್ಕಿಗೆ ಮಾತ್ರ ಎಂಜಲಿನ ದೋಷವಿಲ್ಲ ಅಂತ ಹಿರಿಯರು ಬಿಟ್ಟಿದ್ದರು. ಬೆಕ್ಕುಗಳೋ, ಕೂದಲಿರಲಿ ಬಿಡಲಿ, ದಿನವಿಡೀ ಮೈ ನೆಕ್ಕುತ್ತಿದ್ದವು. ಆ ಎಂಜಲು ಒಣಗಿ, ಧೂಳಾಗಿ, ಹಾಸಿಗೆ ಪರದೆಗಳ ಮೇಲೆಲ್ಲ ಹಾರಿ ಕೂರುತ್ತಿತ್ತು.

"ಅದು ನನ್ನ ಸ್ನಾನ ಕಣಮ್ಮಾ!" ಅಂದ ಬೂದಿರಾಯ.

"ಇನ್ನು ಮೇಲೆ ನೀರಿನ ಸ್ನಾನ ಕಣಯ್ಯಾ!"

ಬೆಚ್ಚನೆ ನೀರಲ್ಲಿ ಅವನನ್ನು ಮೀಯಿಸಿದರು. ಪರದೆ ಒಗೆದರು, ಕಿಟಕಿ ತೆರೆದರು. ಅವನು ಎಷ್ಟು ಗೊಣಗಿದರೂ ಮಲಗುವ ಮನೆಗೆ ಮಾತ್ರ ಬಿಡಲಿಲ್ಲ.

ಪಟ್ಟದ ದಿನ ಬಂತು. ಬೂದಿರಾಯ ತೊಡೆಯೇರಿದ. ಒಂದು ಪ್ರಮಾಣವಾಯಿತು. ಎರಡಾಯಿತು. ಮೂರನೆಯದಕ್ಕೆ ಧೂಮ್ರಜಟಿ ಮಂತ್ರ ಹೇಳಲು ಮೂಗಿನ ವಸ್ತ್ರ ಸರಿಸಿ, ಅವಳು ಸೀನಲಿ ಅಂತ ಬೆಕ್ಕಿನ ಹಳೇ ಕಂಬಳಿಯನ್ನು ಅವಳತ್ತ ಕೊಡವಿದ. ಕಿಟಕಿಯ ಗಾಳಿ ಧೂಳನ್ನೆಲ್ಲ ಅವನ ಮುಖಕ್ಕೇ ತಿರುಗಿಸಿತು.

ಆಕ್ಷೀ! ಮಂತ್ರ ಅರ್ಧಕ್ಕೇ ಮುರಿಯಿತು.

"ಅಯ್ಯೋ, ನಿನಗೂ ಇದೇ ಕಾಟವೇನಯ್ಯಾ? ಅದಕ್ಕೇ ಬೆಕ್ಕುಗಳನ್ನು ಕಾಡಿಗಟ್ಟು ಅಂದೆಯಾ!" ಅಂತ ರಾಜಕುಮಾರಿ ನಕ್ಕಳು.

ಇನ್ನೊಂದು ಸೀನಿಗೆ ಅವನ ಗಡ್ಡ ಉದುರಿತು. ಮತ್ತೊಂದು ಸೀನಿಗೆ ಅವನೇ ಕಿಟಕಿಯಿಂದ ಹಾರಿ ಏಳು ಸಮುದ್ರದಾಚೆ ಬಿದ್ದ.

ಮೂರನೆಯ ಪ್ರಮಾಣ ಮುಗಿಸಿ ಹೊನ್ನಲದೇವಿ ರಾಣಿಯಾದಳು. ಯಾವಾಗಲಾದರೂ ಅವಳಿಗೆ ಸಣ್ಣ ಸೀನೊಂದು ಬರುತ್ತಿತ್ತು. ಯಾರೂ ಅಪಶಕುನ ಅನ್ನಲಿಲ್ಲ. "ರಾಣಿಯಮ್ಮ ಬೆಕ್ಕನ್ನು ಮುದ್ದಿಸ್ತಿದ್ದಾರೆ ಕಣ್ರೋ" ಅಂತ ಬೀದಿಯಲ್ಲಿ ಬೆಲ್ಲ ಹಂಚುತ್ತಿದ್ದರು. ಬೆಕ್ಕುಗಳೂ ಸುಖವಾಗಿದ್ದವು, ಮೂಗುಗಳೂ ಸುಖವಾಗಿದ್ದವು. ನಂಬದಿದ್ದರೆ ಬನ್ನಿ, ಹೆಂಚು ತೋರಿಸುತ್ತೇನೆ.